ಜಾನ್ ವೈಟ್ ತನ್ನ ಮೊಮ್ಮಗಳ ಚಿತ್ರ ಬರ್ದಿದ್ನಾ?

ಬಣ್ಣದಪೆಟ್ಟಿಗೆ

ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಡ್ರಾಯಿಂಗ್ ಹೇಳ್ಕೊಡ್ತೀನಿ. ಈ ಸಲ ವಾಟರ್ ಕಲರ್ ಪಾಠದ ಜೊತೆ, ಹೊಸ ದೇಶ ಹುಡುಕ್ಕೊಂಡು ಹೋದವ್ರು ಬರೆದ ಚಿತ್ರಗಳನ್ನ ತೋರಿಸ್ತಾ ಇದೀನಿ. ಕ್ಯಾಮೆರಾ ಇಲ್ಲದ ಕಾಲ, ನೋಡಿದ್ದನ್ನ ಊರಿಗೆ ತಂದು ತೋರ್ಸೋಕೆ ಕೈಯಲ್ಲಿ ಬರೆಯೋದು ಬಿಟ್ರೆ ಬೇರೆ ದಾರಿನೇ ಇರ್ಲಿಲ್ಲ ಅಂತ ಹೇಳಿದ್ರೆ ಮಕ್ಕಳು ಕಣ್ಣರಳಿಸಿ ಕೇಳ್ತಾರೆ.

ಹಾಗೆ ಹುಡುಕ್ತಾ ಜಾನ್ ವೈಟ್ ಸಿಕ್ಕಿದ. ಇಂಗ್ಲೆಂಡಿನವನು, 1585ರಲ್ಲಿ ಅಮೆರಿಕದ ರೊಅನೋಕ್ ದ್ವೀಪಕ್ಕೆ ಹೋಗಿ ಅಲ್ಲಿಯ ಜನ, ಊರು, ಮೀನು, ಆಮೆ, ಚಿಟ್ಟೆ, ಅನಾನಸ್ ಎಲ್ಲ ಜಲವರ್ಣದಲ್ಲಿ ಬರೆದವನು. ಬ್ರಿಟಿಷ್ ಮ್ಯೂಸಿಯಂನಲ್ಲಿ ಇವೆ. ಅವನ ಮನುಷ್ಯರ ಚಿತ್ರಗಳಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಎರಡು. ಒಂದರಲ್ಲಿ ಪೊಮೇಯೂಕ್ ಅನ್ನೋ ಊರಿನ ಮುಖಂಡನ ಹೆಂಡ್ತಿ ಪಕ್ಕದಲ್ಲಿ ಎಂಟು ಹತ್ತು ವರ್ಷದ ಮಗಳು, ಕೈಯಲ್ಲಿ ಇಂಗ್ಲೆಂಡಿಂದ ಬಂದ ಗೊಂಬೆ ಹಿಡ್ಕೊಂಡು ನಿಂತಿದಾಳೆ. ಇನ್ನೊಂದರಲ್ಲಿ ಉತ್ತರದ ಹಿಮಪ್ರದೇಶದ ಇನುಯಿಟ್ ತಾಯಿ, ಅವಳ ಅಂಗಿಯ ಟೋಪಿಯೊಳಗಿಂದ ಒಂದು ಹಸುಗೂಸು ಇಣುಕಿ ನೋಡ್ತಿದೆ. ಎಷ್ಟು ಚಂದ ಬರ್ದಿದಾನೆ ಅಂದ್ರೆ ಆ ಪುಟ್ಟ ಮುಖ ಒಂದ್ಸಲ ನೋಡಿದ್ರೆ ಮರೆಯಲ್ಲ.

ಆಮೇಲೆ ಓದ್ತಾ ಗೊತ್ತಾಯ್ತು, ಇವನ ಮಗಳು ಅಮೆರಿಕದಲ್ಲೇ ಹೆತ್ತಳಂತೆ, ಅಲ್ಲಿ ಹುಟ್ಟಿದ ಮೊದಲ ಇಂಗ್ಲಿಷ್ ಮಗು ಇವನ ಮೊಮ್ಮಗಳೇ ಅಂತೆ. ಅದಕ್ಕೇ ನನ್ನ ಪ್ರಶ್ನೆ: ಪರರ ಮಕ್ಕಳನ್ನ ಇಷ್ಟು ಪ್ರೀತಿಯಿಂದ ಬರೆದವನು ತನ್ನ ಮನೆ ಕೂಸಿನ ಚಿತ್ರ ಬರ್ದಿಲ್ವಾ? ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ಬೇರೆ ಎಕ್ಸ್‌ಪ್ಲೋರರ್‌ಗಳು ತಮ್ಮ ಮಕ್ಕಳನ್ನ ಬರೆದದ್ದು, ಬರೀದೇ ಇದ್ದದ್ದು, ಏನಾದ್ರೂ ಗೊತ್ತಿದ್ರೆ ತಿಳ್ಸಿ. ಜೊತೆಗೆ ಒಂದು ಪ್ರಾಕ್ಟಿಕಲ್ ಪ್ರಶ್ನೆ. ಮನೆಲಿರೋ ಪುಟ್ಟ ತಮ್ಮನೋ ತಂಗಿನೋ ಯಾರಾದ್ರೂ ಒಬ್ಬರ ಮುಖ ಜಲವರ್ಣದಲ್ಲಿ ಬರ್ಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳೋಣ ಅಂತಿದೀನಿ, ಕೂಸಿನ ಮುಖ ಬರೆಯೋಕೆ ಹೇಗೆ ಹೇಳ್ಕೊಡ್ಲಿ?

---

ಹಳೇಪುಟ

ಒಳ್ಳೆ ಪ್ರಶ್ನೆ ಮೇಡಂ. ಮೊಮ್ಮಗಳ ಹೆಸರು ವರ್ಜೀನಿಯಾ ಡೇರ್. ವೈಟ್ ಬರೆದ ಅವಳ ಚಿತ್ರ ಅಂತ ಒಂದೂ ಉಳಿದಿಲ್ಲ. ಯಾಕೆ ಅನ್ನೋದನ್ನ ತಾರೀಖು ಹಿಡ್ಕೊಂಡು ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ.

1587ರಲ್ಲಿ ವೈಟ್ ಎರಡನೇ ಸಲ ರೊಅನೋಕ್‌ಗೆ ಹೋಗಿದ್ದು ಬರೀ ಚಿತ್ರಗಾರನಾಗಿ ಅಲ್ಲ, ಗವರ್ನರ್ ಆಗಿ. ಜೊತೆಲಿ ಅಲ್ಲೇ ನೆಲೆಸೋಕೆ ಹೊರಟ ಸುಮಾರು 115 ಜನ, ಹೆಂಗಸರು ಮಕ್ಕಳು ಸೇರಿ. ಅವನ ಮಗಳು ಎಲಿನರ್ ಬಸುರಿ, ಅಳಿಯ ಅನನಾಯಸ್ ಡೇರ್ ಕೂಡ ಜೊತೆಗಿದ್ದ. ಆಗಸ್ಟ್ 18ಕ್ಕೆ ಎಲಿನರ್ ಹೆಣ್ಣು ಹೆತ್ತಳು, ಮುಂದಿನ ಭಾನುವಾರ ಕೂಸಿಗೆ ಬ್ಯಾಪ್ಟಿಸಂ ಮಾಡಿದ್ರು. ಆಗಸ್ಟ್ 27ಕ್ಕೆ ವೈಟ್ ಹಡಗು ಹತ್ತಿ ಇಂಗ್ಲೆಂಡಿಗೆ ವಾಪಸ್ ಹೊರಟ. ಅಂದ್ರೆ ತಾತ ಮೊಮ್ಮಗಳು ಒಂದೇ ಕಡೆ ಇದ್ದದ್ದು ಒಂಬತ್ತೇ ದಿನ. ನಮ್ಮ ಕಡೆ ಆಗಿದ್ರೆ ಇನ್ನೂ ನಾಮಕರಣನೂ ಆಗಿರ್ತಿರ್ಲಿಲ್ಲ.

ಅವನೇನು ಖುಷಿಯಿಂದ ಹೊರಟವನಲ್ಲ. ಆಹಾರ ಸಾಮಾನು ಸಾಲಲ್ಲ, ಯಾರಾದ್ರೂ ಹೋಗಿ ಸಹಾಯ ತರ್ಲೇಬೇಕು ಅಂತ ಜನ ಎಲ್ಲ ಸೇರಿ ಅವನ ಬೆನ್ನು ಬಿದ್ರು. ನಾನು ಬಿಟ್ಟು ಹೋದ್ರೆ ಜನರನ್ನ ನಡುನೀರಲ್ಲಿ ಕೈಬಿಟ್ಟ ಅಂತ ಊರೆಲ್ಲ ಆಡ್ಕೊಳ್ಳುತ್ತೆ, ನನ್ನ ಸಾಮಾನೂ ಹಾಳಾಗುತ್ತೆ ಅಂತ ಅವನು ಒಪ್ಪಲಿಲ್ಲ. ಕೊನೆಗೆ, ನಾವೇ ಬಲವಂತ ಮಾಡಿ ಕಳಿಸ್ತಿದೀವಿ ಅಂತ ಅವ್ರೆಲ್ಲ ಬರೆದು ಸಹಿ ಹಾಕಿ ಕೊಟ್ಟ ಮೇಲೆ ಹೊರಟ.

ಮುಂದಿನ ವರ್ಷ ಸ್ಪೇನ್ ಜೊತೆ ಯುದ್ಧ, ಅವರ ಯುದ್ಧನೌಕೆಗಳ ದಂಡು ಆರ್ಮಾಡ ಬರ್ತಿದೆ ಅಂತ ಹಡಗುಗಳನ್ನ ಹೊರಗೆ ಬಿಡ್ಲಿಲ್ಲ. ಹೇಗೋ ಎರಡು ಚಿಕ್ಕ ಹಡಗು ಹಿಡ್ಕೊಂಡು ಹೊರಟ್ರೆ ದಾರೀಲಿ ಫ್ರೆಂಚರ ಕೈಗೆ ಸಿಕ್ಕಿ ಲೂಟಿ ಆಗಿ, ಗಾಯ ಮಾಡ್ಕೊಂಡು ವಾಪಸ್. ಆಮೇಲೆ ಅವನಿಗೆ ರೊಅನೋಕ್ ಮುಟ್ಟೋಕೆ ಆಗಿದ್ದು 1590ರ ಆಗಸ್ಟ್ 18ಕ್ಕೆ. ತಾರೀಖು ನೋಡಿ, ಮೊಮ್ಮಗಳಿಗೆ ಅವತ್ತಿಗೆ ಸರಿಯಾಗಿ ಮೂರು ವರ್ಷ ತುಂಬಬೇಕು. ದಡದಲ್ಲಿ ಯಾರೂ ಇಲ್ಲ. ಮನೆಗಳನ್ನ ಕಳಚಿಕೊಂಡು ಹೋಗಿದಾರೆ. ಕಂಬದ ಮೇಲೆ ಕ್ರೊಅಟೋಅನ್ ಅಂತ ಕೆತ್ತಿದೆ, ಅದು ದಕ್ಷಿಣಕ್ಕಿರೋ ಇನ್ನೊಂದು ದ್ವೀಪದ ಹೆಸರು. ಅಪಾಯ ಆದ್ರೆ ಹೆಸರಿನ ಮೇಲೆ ಶಿಲುಬೆ ಗುರುತು ಹಾಕಿ ಅಂತ ಮೊದಲೇ ಮಾತಾಗಿತ್ತು, ಆ ಗುರುತು ಇರ್ಲಿಲ್ಲ. ಹಂಗಾಗಿ ಬದುಕಿದಾರೆ ಅಂತ ಅವನಿಗೆ ಧೈರ್ಯ ಬಂತು. ಆದ್ರೆ ಬಿರುಗಾಳಿಗೆ ಲಂಗರಿನ ಹಗ್ಗ ಕಿತ್ತು, ಅದಕ್ಕೂ ಮುಂಚೆ ದಡಕ್ಕೆ ಬರೋವಾಗ ದೋಣಿ ಮಗುಚಿ ಏಳು ಜನ ಸತ್ತಿದ್ರು, ಹಡಗಿನವ್ರು ಕ್ರೊಅಟೋಅನ್‌ಗೆ ಹೋಗದೇ ತಿರುಗಿಬಿಟ್ರು. ವೈಟ್ ಮತ್ತೆ ಯಾವತ್ತೂ ಅಮೆರಿಕ ನೋಡ್ಲಿಲ್ಲ.

ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ವಿಷಯ ಈಗ ಬರುತ್ತೆ. ಹೊರಡೋ ಮುಂಚೆ ಅವನ ಪೆಟ್ಟಿಗೆಗಳನ್ನ ಅಲ್ಲೇ ಬಿಟ್ಟಿದ್ದ, ಅವನ್ನ ಯಾರೋ ಗುಂಡಿ ತೋಡಿ ಹೂತಿಟ್ಟಿದ್ರು, ಇನ್ಯಾರೋ ಅಗೆದು ಒಡೆದು ಹಾಕಿದ್ರು. ಪುಸ್ತಕಗಳ ರಟ್ಟು ಕಿತ್ತುಹೋಗಿತ್ತು, ನನ್ನ ಕೆಲವು ಚಿತ್ರ ಮತ್ತು ಮ್ಯಾಪುಗಳ ಚೌಕಟ್ಟು ಮಳೆಗೆ ಕೊಳೆತು ಹಾಳಾಗಿದ್ವು, ಕವಚ ತುಕ್ಕು ಹಿಡಿದು ಸವೆದಿತ್ತು ಅಂತ ಅವನೇ ಬರ್ದಿಟ್ಟಿದಾನೆ. ಅಂದ್ರೆ ಅವನು ಚಿತ್ರಗಳನ್ನ ರೊಅನೋಕ್‌ಗೆ ತಗೊಂಡು ಹೋಗಿದ್ದು ನಿಜ, ಅಲ್ಲಿದ್ದವು ಮಳೇಲಿ ಹೋಗಿದ್ದೂ ನಿಜ. ಅದರಲ್ಲಿ ಕೂಸಿನ ಚಿತ್ರ ಇತ್ತು ಅಂತ ಯಾವ ದಾಖಲೆನೂ ಇಲ್ಲ, ನಾನಾಗೇ ಕಥೆ ಕಟ್ಟಲ್ಲ. ಆದ್ರೆ ಆ ಒಂಬತ್ತು ದಿನ ಬಿಟ್ರೆ ಅವನಿಗೆ ಅವಳ ಮುಖ ನೋಡೋ ಅವಕಾಶನೇ ಸಿಗಲಿಲ್ಲ, ಅದಂತೂ ಖಚಿತ.

---

ಸಾಧನಕೇರಿ_ಅಕ್ಕ

ಹಳೇಪುಟ ಅವ್ರು ಮೊಮ್ಮಗಳ ಬಗ್ಗೆ ಭಾಳ ಚೊಲೋ ಬರ್ದಾರ. ಆದ್ರ ನಾನು ಆ ಟೋಪಿಯೊಳಗಿನ ಕೂಸಿನ ಬಗ್ಗೆ ಹೇಳ್ಬೇಕು ಅಂತೀನಿ, ಯಾಕಂದ್ರ ಎಲ್ಲಾರೂ ಆ ಚಿತ್ರ ನೋಡಿ ಎಷ್ಟ್ ಮುದ್ದೈತಿ ಅಂತಾರ, ಮುಂದ ಆ ಕೂಸಿಗೆ ಏನಾತು ಅಂತ ಯಾರೂ ಕೇಳೂದಿಲ್ಲ.

ಅದು ರೊಅನೋಕ್ ಕಡೆ ಚಿತ್ರ ಅಲ್ರಿ, ಅದಕ್ಕಿಂತ ಮುಂಚಿಂದು. 1577ರಾಗ ಮಾರ್ಟಿನ್ ಫ್ರೋಬಿಷರ್ ಅನ್ನಾಂವ ಬಂಗಾರ ಹುಡುಕ್ಕೋಂತ ಕೆನಡಾದ ಉತ್ತರಕ್ಕ ಬ್ಯಾಫಿನ್ ದ್ವೀಪಕ್ಕ ಹೋಗಿದ್ದ. ಅಲ್ಲಿ ಜನರ ಜೋಡಿ ಹೊಡದಾಟ ಆತು, ಇಂಗ್ಲಿಷ್‌ರು ಆ ಜಾಗಕ್ಕ ನೆತ್ತರದ ಹೆಸರನ್ನೇ ಇಟ್ರು. ಈ ತಾಯಿ ಬಂಡೆಗಳ ಹಿಂದ ಅಡಗಿ ಕುಂತಿದ್ಲು. ಗಂಡಸು ಅಂತ ತಿಳದು ಗುರಿ ಇಟ್ಟು ಹೊಡದ್ರು, ಪೆಟ್ಟು ಬೆನ್ನ ಮ್ಯಾಲಿನ ಕೂಸಿನ ತೋಳಿಗೆ ಬಿತ್ತು. ತಾಯಿ ಚೀರಿದಾಗ ಗೊತ್ತಾತು ಹೆಂಗಸು ಅಂತ. ಹಿಡಕೊಂಡು ಹಡಗಿಗೆ ತಂದ್ರು. ಹಡಗಿನ ವೈದ್ಯ ಗಾಯಕ್ಕ ಮುಲಾಮು ಹಚ್ಚಿದ್ರ ಅಕಿ ಅದನ್ನ ತಗದು ಒಗದು, ತನ್ನ ನಾಲಿಗಿಲೇ ನೆಕ್ಕಿ ನೆಕ್ಕಿ ಕೂಸಿನ ಗಾಯ ವಾಸಿ ಮಾಡಿದ್ಲಂತ. ಇದನ್ನ ಬರ್ದಿಟ್ಟಾಂವ ಫ್ರೋಬಿಷರ್ ಜೋಡಿ ಹೋಗಿದ್ದ ಜಾರ್ಜ್ ಬೆಸ್ಟ್ ಅನ್ನಾಂವ. ಇದನ್ನ ಓದಿದ ಮ್ಯಾಲೆ ನನಗ ಆ ಚಿತ್ರದಾಗ ಬಣ್ಣ ಕಾಣವಲ್ದು, ಆ ತೋಳು ಎಲ್ಲೈತಿ ಅಂತ ಹುಡುಕ್ತೀನಿ. ಅಂಗಿಯೊಳಗ ಮುಚ್ಚಿರ್ತೈತಿ, ಬರೇ ಮುಖ ಅಷ್ಟೇ ಹೊರಗ.

ತಾಯಿ ಹೆಸರು ಆರ್ನಾಕ್, ಕೂಸು ನುಟಾಕ್ ಅಂತ ಪುಸ್ತಕದಾಗ ಬರೀತಾರ. ಬ್ಯಾರೆ ಕಡೆ ಹಿಡದ ಕಾಲಿಚೋ ಅನ್ನೋ ಗಂಡಸನ್ನೂ ಜೋಡಿ ತಂದಿದ್ರು, ಅಂವ ಅಕಿ ಗಂಡ ಅಲ್ಲ, ಗೊತ್ತಿರದಾಂವ. ಇಬ್ಬರನ್ನೂ ಒಂದೇ ಕಡೆ ಇಟ್ಟು ಇವ್ರು ಗಂಡ ಹೆಂಡ್ತಿ ಹಂಗ ಇರ್ತಾರೇನು ಅಂತ ನೋಡ್ಕೋಂತ ಕುಂತಿದ್ರಂತ, ಎಷ್ಟ್ ಕೆಟ್ಟ ಅನಸ್ತೈತಿ ನೋಡ್ರಿ. ಅಕ್ಟೋಬರ್‌ನಾಗ ಬ್ರಿಸ್ಟಲ್ ಊರಾಗ ಆ ಗಂಡಸು ಏವನ್ ನದಿಯೊಳಗ ತನ್ನ ಕಯಾಕ್ ದೋಣಿ ನಡಿಸಿ, ಈಟಿ ಎಸದು ಬಾತುಕೋಳಿ ಹೊಡದು ತೋರ್ಸಿದ, ಊರ ಮಂದಿ ಎಲ್ಲಾ ನಿಂತು ನೋಡಿದ್ರು. ನವೆಂಬರ್‌ನಾಗ ಸತ್ತ. ಡಾಕ್ಟರ್ ಎಡ್ವರ್ಡ್ ಡಾಡಿಂಗ್ ಅನ್ನಾಂವ ಹೆಣ ಕೊಯ್ದು ನೋಡಿದ, ಪಕ್ಕೆಲುಬು ಮುರದು ಒಳಗ ಕೀವು ಆಗಿತ್ತು. ಅವನ್ನ ಹೂಳೂದನ್ನ ಆ ತಾಯಿಗೆ ಕರ್ಕೊಂಡ್ ಹೋಗಿ ತೋರ್ಸಿದ್ರು, ನಾವೇನು ಮನಷ್ಯಾರನ್ನ ತಿನ್ನೂದಿಲ್ಲ ಅಂತ ಅಕಿಗೆ ತಿಳೀಲಿ ಅಂತ. ನಾಕೇ ದಿನಕ್ಕ ಅಕಿನೂ ಮಣ್ಣಾದ್ಲು. ಬ್ರಿಸ್ಟಲ್‌ನ ಸೇಂಟ್ ಸ್ಟೀಫನ್ ಚರ್ಚಿನ ರಿಜಿಸ್ಟರ್‌ನಾಗ ನವೆಂಬರ್ 8 ಮತ್ತ 12, ಎರಡೂ ಅದಾವ.

ಕೂಸನ್ನ ದಾದಿ ಕೈಯಾಗ ಕೊಟ್ಟು ರಾಣಿ ಎಲಿಜಬೆತ್‌ಗೆ ತೋರ್ಸಾಕ ಲಂಡನ್‌ಗೆ ಒಯ್ದ್ರು. ರಾಣಿ ನೋಡೂಕಿಂತ ಮೊದಲ ಅದೂ ಹೋತು. ಹಾರ್ಟ್ ಸ್ಟ್ರೀಟಿನ ಸೇಂಟ್ ಓಲೇವ್ ಚರ್ಚಿನ್ಯಾಗ ಹೂಳಿದ್ರು.

ಟೀಚರ್, ನಿಮ್ಮ ಮಕ್ಕಳಿಗೆ ಆ ಚಿತ್ರ ತೋರ್ಸ್ರಿ, ಖಂಡಿತ ತೋರ್ಸ್ರಿ. ಆದ್ರ ಈ ಕಥಿನೂ ಅವ್ರ ವಯಸ್ಸಿಗೆ ತಕ್ಕಂಗ ಹೇಳ್ರಿ. ಪ್ರೀತಿಯಿಂದ ಬರ್ದಾನ ಅಂತ ನೀವ್ ಬರ್ದೀರಿ, ಕೈ ಪ್ರೀತಿಯಿಂದನೇ ಓಡೈತಿ ಅಂತ ನನಗೂ ಅನಸ್ತೈತಿ, ಆದ್ರ ಆ ತಾಯಿ ಅವನ ಮುಂದ ನಿಂತದ್ದು ತನ್ನ ಇಚ್ಛಾಕ್ಕ ಅಲ್ಲ.

---

ಬಣ್ಣದಪೆಟ್ಟಿಗೆ

ಅಕ್ಕ, ಓದಿ ಸುಮಾರು ಹೊತ್ತು ಏನೂ ಟೈಪ್ ಮಾಡೋಕೆ ಆಗ್ಲಿಲ್ಲ. ತೋರಿಸ್ತೀನಿ, ಕಥೆನೂ ಹೇಳ್ತೀನಿ. ಗಾಯ ವಾಸಿ ಮಾಡಿದ್ದಂತೂ ಹೇಳೇ ಹೇಳ್ತೀನಿ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅದು ಅರ್ಥ ಆಗುತ್ತೆ. ಹಳೇಪುಟ ಸರ್, ನಿಮಗೂ ತುಂಬಾ ಥ್ಯಾಂಕ್ಸ್. ಪೆಟ್ಟಿಗೆ ವಿಷಯ ನಾನು ಎಲ್ಲೂ ಓದಿರ್ಲಿಲ್ಲ.

---

ಅಂಚೆಚೀಟಿ_ಪ್ರಿಯ

ನೆಟ್‌ನಲ್ಲಿ ವರ್ಜೀನಿಯಾ ಡೇರ್ ಅಂತ ಹುಡುಕಿದ್ರೆ ತಾಯಿ ಕೈಲಿ ಕೂಸು, ಪಕ್ಕದಲ್ಲಿ ತಂದೆ ಇರೋ ಚಿತ್ರ ಬರುತ್ತೆ, ಅದನ್ನ ವೈಟ್ ಬರ್ದಿದ್ದು ಅಂತ ಶೇರ್ ಮಾಡೋರೂ ಇದಾರೆ, ದಯವಿಟ್ಟು ನಂಬಬೇಡಿ. ಅದು ಅಮೆರಿಕದ ಅಂಚೆ ಇಲಾಖೆ 1937ರ ಆಗಸ್ಟ್ 18ಕ್ಕೆ, ಅವಳು ಹುಟ್ಟಿ 350 ವರ್ಷ ಆಯ್ತು ಅಂತ ತಂದ ಐದು ಸೆಂಟಿನ ಸ್ಟಾಂಪ್. ಪೂರ್ತಿ ಕಲ್ಪನೆ. ನಂಗೆ ಆ ಸ್ಟಾಂಪ್ ತುಂಬಾ ಇಷ್ಟ, ಗೆರೆ ಕೆಲಸ ಬಹಳ ನಾಜೂಕು, ಆದ್ರೆ ಅದು ಅವಳ ಮುಖ ಅಲ್ಲ.

ಅದಕ್ಕೂ ಮುಂಚೆ 1859ರಲ್ಲಿ ಮರಿಯಾ ಲೂಯಿಸಾ ಲ್ಯಾಂಡರ್ ಅನ್ನೋ ಶಿಲ್ಪಿ ಅಮೃತಶಿಲೆಲಿ ಅವಳನ್ನ ಬೆಳೆದು ದೊಡ್ಡವಳಾದ ಹೆಣ್ಣಾಗಿ ಕೆತ್ತಿದಾರೆ, ಈಗ ಅದು ರೊಅನೋಕ್ ದ್ವೀಪದ ಎಲಿಜಬೆತನ್ ಗಾರ್ಡನ್ಸ್‌ನಲ್ಲಿದೆ. ಬದುಕಿ ದೊಡ್ಡವಳಾದ್ಲು ಅಂತ ನಂಬೋ ಆಸೆ ಜನಕ್ಕೆ ಎಷ್ಟಿತ್ತು ಅಂತ ಅದರಲ್ಲೇ ಗೊತ್ತಾಗುತ್ತೆ. ಮುಖದ ದಾಖಲೆ ಇಲ್ಲದೇ ಹೋದ್ರೆ ಪ್ರತಿ ಕಾಲದವರೂ ತಮಗೆ ಬೇಕಾದ ಮುಖ ಅಂಟಿಸ್ತಾರೆ. ಅವಳನ್ನ ಬಿಳಿಯರ ಹೆಮ್ಮೆಯ ಗುರುತು ಮಾಡ್ಕೊಂಡು ಮೆರೆಸಿದವ್ರೂ ಇದಾರೆ, ಪಾಪ ಒಂಬತ್ತು ದಿನದ ಕೂಸಿಗೂ ಅದಕ್ಕೂ ಏನ್ ಸಂಬಂಧ.

---

ಕಾರವಾರ_ಕಡಲು

ನಾನು ಮರ್ಚೆಂಟ್ ನೇವಿ. ಮಗಳು ಕೈಕೂಸಾಗಿದ್ದಾಗ ಕಾಂಟ್ರ್ಯಾಕ್ಟ್ ಮೇಲೆ ಹೊರಟವನು, ಹಾಗಾಗಿ ಈ ಮಾತುಕತೆ ನನಗೆ ತುಂಬಾ ಹತ್ತಿರದ್ದು. ನಮಗೆ ವಿಡಿಯೋ ಕಾಲ್ ಇದೆ, ಅವರಿಗೆ ಏನಿತ್ತು ಅಂತ ಯೋಚನೆ ಮಾಡ್ತಾ ಫ್ರಿಟ್ಯೋಫ್ ನಾನ್ಸೆನ್ ನೆನಪಾದ. ನಾರ್ವೆಯವನು, 1888ರಲ್ಲಿ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದವನು, ವಿಜ್ಞಾನಿ, ಕೈಲಿ ಒಳ್ಳೆ ಚಿತ್ರಕಲೆನೂ ಇತ್ತು.

ಅವನ ಮಗಳು ಲಿವ್ ಹುಟ್ಟಿದ್ದು 1893ರ ಜನವರಿ 8. ಅದೇ ವರ್ಷ ಜೂನ್ 24ಕ್ಕೆ ಅವನು ಫ್ರಾಮ್ ಅನ್ನೋ ಹಡಗಲ್ಲಿ ಉತ್ತರ ಧ್ರುವದ ಕಡೆ ಹೊರಟ. ಹಡಗನ್ನ ಬೇಕಂತಲೇ ಮಂಜುಗಡ್ಡೆಲಿ ಸಿಕ್ಕಿಸಿ, ಮಂಜಿನ ಜೊತೆ ತೇಲ್ತಾ ಹೋಗೋದು ಅವನ ಪ್ಲಾನ್, ಎಷ್ಟು ವರ್ಷ ಹಿಡಿಯುತ್ತೆ ಅಂತ ಯಾರಿಗೂ ಗ್ಯಾರಂಟಿ ಇಲ್ಲ. ಹೊರಡೋ ದಿನದ ಬಗ್ಗೆ ತನ್ನ ಪುಸ್ತಕದಲ್ಲಿ ಬರೆದಿದಾನೆ, ತೋಟ ದಾಟಿ ಇಳಿದು ಬರುವಾಗ ಮೇಲೆ ಕಿಟಕಿಲಿ ಪುಟ್ಟ ಲಿವ್ ಕೂತು ಚಪ್ಪಾಳೆ ತಟ್ತಾ ಇದ್ಲು ಅಂತ. ಆ ಕ್ಷಣಕ್ಕೆ ವಾಪಸ್ ಹೋಗೋಕೆ ಆಗಿದ್ರೆ ಏನು ಬೇಕಾದ್ರೂ ಕೊಡ್ತಿದ್ದೆ ಅನ್ನೋ ಅರ್ಥದ ಮಾತೂ ಅಲ್ಲೇ ಇದೆ. ಹೊರಟು ನಿಂತಾಗ ಕಾಲು ಹೇಗೆ ಭಾರ ಆಗುತ್ತೆ ಅಂತ ಗೊತ್ತಿರೋರಿಗೆ ಆ ಪುಟ ಓದೋದು ಕಷ್ಟ.

ಅವನು ಮಂಜಲ್ಲಿ ಬರೆದದ್ದು ಮಗಳ ಚಿತ್ರ ಅಲ್ಲ, ಧ್ರುವದ ಆಕಾಶ. ಅರೋರಾ ಬೆಳಕು, ಚಂದ್ರನ ಸುತ್ತಿನ ಉಂಗುರ, ಸಂಜೆಗೆಂಪು, ಎಲ್ಲ ಬಣ್ಣದಲ್ಲಿ ಬರೆದು ತಂದ, ಅವನ ಪುಸ್ತಕದಲ್ಲಿ ಬಣ್ಣದ ಪ್ಲೇಟುಗಳಾಗಿ ಅಚ್ಚಾದ್ವು. ಆದ್ರೆ ಮಗಳಿಗೆ ಒಂದು ವರ್ಷ ತುಂಬಿದ ದಿನ ಡೈರಿಲಿ ಬರ್ಕೊಂಡಿದಾನೆ, ಇವತ್ತು ಮನೇಲಿ ಹಬ್ಬ ಇರುತ್ತೆ ಅಂತ. ಅವತ್ತೇ ದಿಗಂತದ ಹತ್ರ ಶುಕ್ರ ಕಾಣಿಸ್ತು, ಅದನ್ನ ಲಿವ್ ನಕ್ಷತ್ರ ಅಂತ ಕರೆದ. ಅವನು 86 ಡಿಗ್ರಿ 14 ನಿಮಿಷ ಉತ್ತರದವರೆಗೆ ನಡೆದು, ಫ್ರಾಂಜ್ ಜೋಸೆಫ್ ಲ್ಯಾಂಡಿನಲ್ಲಿ ಚಳಿಗಾಲ ಕಳೆದು, 1896ರ ಆಗಸ್ಟ್‌ನಲ್ಲಿ ನಾರ್ವೆ ಮುಟ್ಟೋ ಹೊತ್ತಿಗೆ ಅವಳಿಗೆ ಮೂರೂವರೆ ವರ್ಷ. ವೈಟ್‌ಗೆ ಸಿಗದೇ ಹೋದ ಭಾಗ್ಯ ಇವನಿಗೆ ಸಿಕ್ಕಿತು, ಮನೇಲಿ ಮಗಳು ಇದ್ಲು.

---

ಒದ್ದೆಕುಂಚ

ಪ್ರಾಕ್ಟಿಕಲ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ, ಜಲವರ್ಣದ ಪೋರ್ಟ್ರೇಟ್ ಕಲಿಸ್ತಾ ಇರೋದ್ರಿಂದ.

ಮೊದಲನೇದು, ಮಕ್ಕಳು ಕೂಸಿನ ಮುಖ ಬರೆದಾಗ ಅದು ಪುಟ್ಟ ಮುದುಕನ ಥರ ಕಾಣೋದಕ್ಕೆ ಕಾರಣ ಅಳತೆ. ದೊಡ್ಡವರ ಕಣ್ಣು ತಲೆಯ ನಡುಮಧ್ಯ ಬರುತ್ತೆ, ಕೂಸಿನ ಕಣ್ಣು ಅರ್ಧಕ್ಕಿಂತ ಕೆಳಗೆ ಬರುತ್ತೆ. ಹಣೆಗೆ ಧಾರಾಳವಾಗಿ ಜಾಗ ಬಿಡಿ. ಕಣ್ಣು, ಮೂಗು, ಬಾಯಿ ಎಲ್ಲ ಕೆಳಗಿನ ಚಿಕ್ಕ ಜಾಗದಲ್ಲೇ ಒತ್ತಾಗಿ ಕೂರ್ಬೇಕು, ಕೆನ್ನೆ ಅಗಲ ಆಗ್ಬೇಕು, ಗಲ್ಲ ತೀರಾ ಚಿಕ್ಕದು. ಇಷ್ಟು ಪೆನ್ಸಿಲ್‌ನಲ್ಲಿ ತಿಳಿಯಾಗಿ ಸರಿ ಮಾಡ್ಕೊಂಡ್ರೆ ಮುಕ್ಕಾಲು ಕೆಲಸ ಆದ ಹಾಗೆ.

ಎರಡನೇದು, ಎಚ್ಚರ ಇರೋ ಕೂಸು ಒಂದು ಕ್ಷಣ ನೆಟ್ಟಗಿರಲ್ಲ. ನಿದ್ದೆ ಮಾಡುವಾಗ ಬರೆಯೋಕೆ ಹೇಳಿ, ಹಾಲು ಕುಡಿದು ಮಲಗಿದ ಮೇಲೆ ಒಳ್ಳೆ ಟೈಮು. ವೈಟ್ ಆ ತಾಯಿ ಕೂಸಿನ ಚಿತ್ರದಲ್ಲಿ ತಾಯಿ ಅಂಗಿಯ ಮೇಲೆ ಎಷ್ಟೋ ಹೊತ್ತು ಕೂತಿದಾನೆ, ಸೀಲ್ ಚರ್ಮದ ಹೊಲಿಗೆ, ಮುಖದ ಹಚ್ಚೆಯ ಗೆರೆಗಳು ಎಲ್ಲ ಬಿಡಿಸಿದಾನೆ, ಕೂಸಿನ ಮುಖಕ್ಕೆ ಮಾತ್ರ ಕೆಲವೇ ಗೆರೆ ಕೆಲವೇ ಬಣ್ಣ. ಅಷ್ಟೇ ಸಾಕಾಗಿದೆ. ಕೂಸಿನ ಮುಖಕ್ಕೆ ಕೆಲಸ ಹೆಚ್ಚು ಮಾಡಿದಷ್ಟೂ ವಯಸ್ಸು ಜಾಸ್ತಿ ಆಗುತ್ತೆ, ನಾನು ಪದೇ ಪದೇ ಹೇಳೋ ಮಾತಿದು.

ಬಣ್ಣಕ್ಕೆ ಬಂದ್ರೆ ಚರ್ಮದ ಬಣ್ಣ ಅಂತ ರೆಡಿಮೇಡ್ ಟ್ಯೂಬ್ ಬೇಡವೇ ಬೇಡ. ಯೆಲ್ಲೋ ಓಕರ್ ಒಂಚೂರು, ಗುಲಾಬಿ ಕೆಂಪು ಒಂಚೂರು, ನಮ್ಮ ಮಕ್ಕಳ ಮೈಬಣ್ಣಕ್ಕೆ ಬರ್ಂಟ್ ಸಿಯೆನ್ನ ಸೇರಿಸ್ಕೊಂಡು ನೀರು ಜಾಸ್ತಿ ಹಾಕಿ ತೆಳು ವಾಷ್. ಅದು ಒದ್ದೆ ಇರುವಾಗಲೇ ಕೆನ್ನೆಗೆ, ಕಿವಿ ತುದಿಗೆ ಕೆಂಪು ಮುಟ್ಟಿಸಿದ್ರೆ ತಾನಾಗೇ ಹರಡಿಕೊಳ್ಳುತ್ತೆ. ನೆರಳಿಗೆ ಕಪ್ಪು ಬಳಸಬಾರದು. ತುಟಿ ಸುತ್ತ ಗೆರೆ ಎಳೀಬಾರದು. ಹಾಳೆ ಮಾತ್ರ ಸ್ವಲ್ಪ ದಪ್ಪದ್ದು ಕೊಡಿ, ಡ್ರಾಯಿಂಗ್ ಬುಕ್ಕಿನ ತೆಳು ಹಾಳೆ ನೀರು ಬಿದ್ರೆ ಸುಕ್ಕಾಗಿ ಮಕ್ಕಳಿಗೆ ಬೇಜಾರಾಗುತ್ತೆ.

ವೈಟ್ ಕೆಲಸ ಮಾಡಿದ ವಿಧಾನನೂ ಹೇಳಿ. ಮೊದಲು ಗ್ರಾಫೈಟ್‌ನಲ್ಲಿ ಗೆರೆ, ಅದರ ಮೇಲೆ ಜಲವರ್ಣ. ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಗ್ರಾಫೈಟ್ ಗಣಿ ಸಿಕ್ಕಿದ್ದೇ 1560ರ ದಶಕದಲ್ಲಿ, ಅಂದ್ರೆ ಅವನ ಕೈಲಿದ್ದದ್ದು ಆ ಕಾಲಕ್ಕೆ ಹೊಸ ವಸ್ತು. ಬಣ್ಣದ ಪುಡಿಗೆ ಅಂಟು ಮರದ ಗೋಂದು. ಬಿಳಿಗೆ ಸೀಸದ ಬಿಳಿ, ಅಲ್ಲಲ್ಲಿ ಚಿನ್ನ ಬೆಳ್ಳಿ ಕೂಡ ಹಚ್ಚಿದಾನೆ, ಆ ಬೆಳ್ಳಿ ಸೀಸ ಎರಡೂ ಕಾಲ ಕಳೆದ ಹಾಗೆ ಕಪ್ಪಾಗಿವೆ. ಇನ್ನೊಂದು ಕಥೆ ಇದೆ. 1865ರಲ್ಲಿ ಲಂಡನ್ನಿನ ಸದಬೀಸ್ ಹರಾಜು ಮನೇಲಿ ಬೆಂಕಿ ಬಿದ್ದಾಗ ಈ ಚಿತ್ರಗಳ ಪುಸ್ತಕ ಅಲ್ಲೇ ಇತ್ತು. ಸುಡಲಿಲ್ಲ, ಆದ್ರೆ ಬೆಂಕಿ ಆರಿಸೋ ನೀರಲ್ಲಿ ನೆನೆದು ಒದ್ದೆಯಾಗಿ ಒತ್ತಡದಲ್ಲೇ ಬಿದ್ದಿತ್ತು, ಬಣ್ಣ ಎದುರಿನ ಖಾಲಿ ಹಾಳೆಗಳಿಗೆ ಮೆತ್ತಿಕೊಂಡಿತು. ಮಾರನೇ ವರ್ಷ ಬ್ರಿಟಿಷ್ ಮ್ಯೂಸಿಯಂ ಕೊಂಡಾಗ ಆ ಅಚ್ಚು ಬಿದ್ದ ಹಾಳೆಗಳನ್ನೂ ಇಟ್ಕೊಂಡ್ರು. ಅಂದ್ರೆ ನಾವೀಗ ನೋಡೋ ಬಣ್ಣ ಒಂದು ಪದರ ಕಮ್ಮಿ ಆದ ಬಣ್ಣ, ವೈಟ್ ಬರೆದಾಗ ಇದಕ್ಕಿಂತ ಗಾಢವಾಗಿತ್ತು.

---

ತಾತಗುಣಿ_ರೋಡ್

ಇನ್ನೊಂದು ಕೂಸು ನೆನಪಾಯ್ತು. ಕ್ಯಾಪ್ಟನ್ ಸ್ಕಾಟ್ 1910ರಲ್ಲಿ ಅಂಟಾರ್ಕ್ಟಿಕಾಗೆ ಹೊರಟಾಗ ಮಗ ಪೀಟರ್‌ಗೆ ಇನ್ನೂ ಒಂದು ವರ್ಷ ಆಗಿರ್ಲಿಲ್ಲ. ಇಲ್ಲಿ ಕಲಾವಿದೆ ತಾಯಿ. ಕ್ಯಾಥ್ಲೀನ್ ಶಿಲ್ಪಿ, ಪ್ಯಾರಿಸ್‌ನಲ್ಲಿ ಕಲಿತು ಹೆಸರಾಂತ ಶಿಲ್ಪಿ ರೋಡಿನ್ ಪರಿಚಯ ಇದ್ದವರು. ಸ್ಕಾಟ್ 1912ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದಿಂದ ವಾಪಸ್ ಬರುವಾಗ ಡೇರೆಯಲ್ಲೇ ಸತ್ತ, ಕೊನೆ ಕಾಗದದಲ್ಲಿ ಹೆಂಡ್ತಿಗೆ ಬರೆದಿದ್ದ, ಸಾಧ್ಯವಾದ್ರೆ ಹುಡುಗನಿಗೆ ಪ್ರಕೃತಿ ವಿಷಯದಲ್ಲಿ ಆಸಕ್ತಿ ಬರೋ ಹಾಗೆ ಮಾಡು, ಆಟೋಟಕ್ಕಿಂತ ಅದು ಮೇಲು ಅಂತ. ಆ ಹುಡುಗ ಪೀಟರ್ ಸ್ಕಾಟ್ ದೊಡ್ಡವನಾಗಿ ಹಕ್ಕಿಗಳ ಚಿತ್ರಗಾರನಾದ, 1946ರಲ್ಲಿ ಸ್ಲಿಮ್‌ಬ್ರಿಜ್‌ನಲ್ಲಿ ನೀರುಹಕ್ಕಿಗಳ ಟ್ರಸ್ಟ್ ಶುರು ಮಾಡಿದ, ವನ್ಯಜೀವಿ ಉಳಿಸೋ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಪಾಂಡಾ ಗುರುತು ಬರೆದಿದ್ದೂ ಅವನೇ. ಮಕ್ಕಳಿಗೆ ಪಾಂಡಾ ತೋರ್ಸಿ, ತಕ್ಷಣ ಹಿಡೀತಾರೆ.

ನಮ್ಮ ಊರಲ್ಲೇ ಇದರ ಉಲ್ಟಾ ಕಥೆ ಇದೆ ಮೇಡಂ. 1925ರಿಂದ 28ರವರೆಗೆ ಮಧ್ಯ ಏಷ್ಯಾ ಸುತ್ತಿದ ನಿಕೊಲಾಸ್ ರೋರಿಕ್, ಹಿಮಾಲಯ ಬರೆದವರು, ಅವರ ಮಗ ಸ್ವೆತೊಸ್ಲಾವ್ ರೋರಿಕ್ ಬಹಳ ವರ್ಷ ಇದ್ದಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ, ದೇವಿಕಾ ರಾಣಿ ಜೊತೆ. ಇಲ್ಲಿ ಮಗನೇ ಅನ್ವೇಷಕ ಅಪ್ಪನನ್ನ ಮತ್ತೆ ಮತ್ತೆ ಬರೆದ, ಬಿಳಿ ಗಡ್ಡದ ಆ ಮುಖ ಪ್ರಪಂಚಕ್ಕೆ ಗೊತ್ತಿರೋದರಲ್ಲಿ ಮಗನ ಪೋರ್ಟ್ರೇಟುಗಳ ಪಾಲು ದೊಡ್ಡದು. ಬೆಂಗಳೂರಿಗೆ ಟೂರ್ ಕರ್ಕೊಂಡು ಬಂದ್ರೆ ಚಿತ್ರಕಲಾ ಪರಿಷತ್ತಿಗೆ ಹೋಗಿ, ಅಲ್ಲಿ ರೋರಿಕ್ ಅವರ ಚಿತ್ರಗಳಿಗೆ ಗ್ಯಾಲರಿನೇ ಇದೆ.

---

ಬಣ್ಣದಪೆಟ್ಟಿಗೆ

ಇಷ್ಟೆಲ್ಲ ಸಿಗುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಒದ್ದೆಕುಂಚ ಅವರ ಅಳತೆ ವಿಷಯ ಬೋರ್ಡ್ ಮೇಲೆ ಬರೆದು ತೋರಿಸ್ತೀನಿ. ಕೊನೇ ಒಂದು ಡೌಟು, ಹಳೇಪುಟ ಸರ್‌ಗೆ. ರೊಅನೋಕ್‌ನಲ್ಲಿ ವರ್ಜೀನಿಯಾ ಒಬ್ಳೇ ಮಗುನಾ, ಬೇರೆ ಮಕ್ಕಳೂ ಇದ್ರಾ? ಹೆಸರು ಸಿಕ್ಕಿದ್ರೆ ನಮ್ಮ ಮಕ್ಕಳಿಗೆ ಹೇಳೋಕೆ ಚೆನ್ನಾಗಿರುತ್ತೆ.

---

ಹಳೇಪುಟ

ಇದ್ರು. 1587ರ ಪಟ್ಟಿ ಉಳಿದಿದೆ, ಅದರಲ್ಲಿ ಹದಿನೇಳು ಹೆಂಗಸರು, ಒಂಬತ್ತು ಹುಡುಗರು. ಆಂಬ್ರೋಸ್ ವಿಕರ್ಸ್ ಅಂತ ಒಬ್ಬ, ಅಪ್ಪನ ಹೆಸರೇ ಮಗನಿಗೂ. ಜಾರ್ಜ್ ಹೌ ಅಂತ ಇನ್ನೊಬ್ಬ, ಅವನ ಕಥೆ ದುಃಖದ್ದು. ದ್ವೀಪಕ್ಕೆ ಬಂದ ಕೆಲವೇ ದಿನಕ್ಕೆ ಅದೇ ಹೆಸರಿನ ದೊಡ್ಡ ಜಾರ್ಜ್ ಹೌ ಒಬ್ಬನೇ ನೀರಿಗಿಳಿದು ಏಡಿ ಹಿಡೀತಿದ್ದಾಗ ಅಲ್ಲಿಯ ಜನರ ಬಾಣಕ್ಕೆ ಸಿಕ್ಕಿ ಸತ್ತ. ಹಿಂದಿನ ವರ್ಷ ಇಂಗ್ಲಿಷ್ ಸೈನಿಕರು ಅವರ ಮುಖಂಡ ವಿಂಗಿನಾನನ್ನ ಕೊಂದಿದ್ರು, ಆ ಸಿಟ್ಟು ಇನ್ನೂ ಆರಿರ್ಲಿಲ್ಲ.

ಅಲ್ಲೇ ಹುಟ್ಟಿದ ಮಕ್ಕಳು ಅಂತ ಪಟ್ಟಿಯ ಕೊನೇಲಿ ಎರಡು ಹೆಸರಿದೆ. ಒಂದು ವರ್ಜೀನಿಯಾ ಡೇರ್. ಇನ್ನೊಂದು ಡಯೊನಿಸ್ ಮತ್ತು ಮಾರ್ಜರಿ ಹಾರ್ವಿ ದಂಪತಿಯ ಮಗು, ಅದಕ್ಕೆ ಮನೆತನದ ಹೆಸರು ಅಷ್ಟೇ ಬರ್ದಿದಾರೆ, ಹಾರ್ವಿ ಅಂತ. ಗಂಡೋ ಹೆಣ್ಣೋ ಅನ್ನೋದೂ ಬರ್ದಿಲ್ಲ. ವರ್ಜೀನಿಯಾ ಬಗ್ಗೆ ಹೇಳುವಾಗ ಈ ಮಗುವನ್ನೂ ಸೇರಿಸ್ಕೊಳ್ಳಿ ಮೇಡಂ, ಅವಳಿಗೆ ಸ್ಟಾಂಪ್ ಆಯ್ತು, ಶಿಲ್ಪ ಆಯ್ತು, ಇದನ್ನ ಯಾರೂ ಕೇಳೇ ಇಲ್ಲ. ಚಿತ್ರಗಳಿಗೆ ಬ್ರಿಟಿಷ್ ಮ್ಯೂಸಿಯಂನ ಸೈಟಿಗೇ ಹೋಗಿ, ದೊಡ್ಡ ಸೈಜಿನಲ್ಲಿ ಇವೆ, ಪ್ರಿಂಟ್ ತೆಗೆಸೋದಾದ್ರೆ ಮ್ಯಾಟ್ ಪೇಪರ್‌ನಲ್ಲಿ ತೆಗೆಸಿ, ಗ್ಲಾಸಿಯಲ್ಲಿ ಆ ತೆಳು ವಾಷ್ ಎಲ್ಲ ಹೊಳೆದು ಹೋಗುತ್ತೆ.